ಕಳಚಿ ಬಿದ್ದ ಒತ್ತು

ಮನೆಯ ಹಿರಿಯರು ತೀರಿಕೊಂಡ ಮೇಲೆ, ಎಂದೋ ತೆಗೆಸಿದ್ದ ಮಾಸಿದ ಪಟವೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ‘ಇದನ್ನು ದೊಡ್ಡದು ಮಾಡಿಕೊಡಪ್ಪ’ ಎಂದು ಕೇಳುವವರು ತೆಂಗಿನ ಸೀಮೆಯ ಊರೂರಿನಲ್ಲಿಯೂ ಇದ್ದಾರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆಯಲ್ಲಿ ಫೋಟೋ ಅಂಗಡಿ ಇಟ್ಟಿದ್ದ ತರುಣನ ಬಳಿಗೂ ಅಂತಹ ಅಜ್ಜಿಯೊಬ್ಬರು ಬಂದರು. ಯಜಮಾನರ ವರ್ಷದ ಕಾರ್ಯಕ್ಕೆ ಉಳಿದಿದ್ದುದು ಮೂರೇ ದಿನ.

ತರುಣ ಕೆಲಸಗಾರನೇ ಸರಿ. ಗಣಕದಲ್ಲಿ ಫೋಟೋಶಾಪ್ ತೆರೆದು ಪಟದ ಬಿರುಕನ್ನು ಮುಚ್ಚಿದ. ಮಂಕಾಗಿದ್ದ ಕಣ್ಣುಗಳಿಗೆ ಬೆಳಕು ತಂದ. ಕಡೆಯಲ್ಲಿ ಅಕ್ಷರ ಬರೆಯುವ ‘ಟೈಪ್ ಟೂಲ್’ ಹಿಡಿದು, ಕೆಳಗೆ ‘ಪುಣ್ಯಸ್ಮರಣೆ’ ಎಂದು ಮೂಡಿಸಹೊರಟಾಗ ಎಡವಟ್ಟಾಯಿತು. ಒತ್ತುಗಳೆಲ್ಲ ಕಳಚಿ ನಿಂತು, ತೆರೆಯ ಮೇಲೆ ‘ಪುಣ್ ಯಸ್ ಮರಣೆ’ ಎಂಬಂತೆ ಕಂಡಿತು. ಸ್ಮರಣೆ ಹೋಗಿ ಮರಣವೊಂದೇ ಉಳಿದಂತಾಯಿತು!

ಅಕ್ಷರದ ಗಾತ್ರ ಬದಲಿಸಿದ, ಬಣ್ಣ ಬದಲಿಸಿದ, ತಂತ್ರಾಂಶವನ್ನೇ ಕಿತ್ತು ಮತ್ತೆ ಸ್ಥಾಪಿಸಿದ. ಫಲ ಕಾಣಲಿಲ್ಲ. ಪಕ್ಕದ ಅಂಗಡಿಯವರು, ‘ಒತ್ತಿಲ್ಲದ ಪದ ಹಾಕಿಬಿಡಯ್ಯ, ನೆನಪು ಎಂದರೆ ಸಾಲದೆ?’ ಎಂದು ಉಪಾಯ ಹೇಳಿದರು. ಪದವನ್ನೇನೋ ಬದಲಿಸಬಹುದು, ಹೆಸರನ್ನು ಬದಲಿಸುವುದು ಹೇಗೆ? ಆ ಸೀಮೆಯ ಹಿರಿಯರ ಹೆಸರುಗಳಲ್ಲಿ ಬಹುಪಾಲು ಅಪ್ಪ, ಅಯ್ಯ, ಅಣ್ಣ, ಅಮ್ಮಗಳಿಂದಲೇ ಮುಗಿಯುವಂಥವು. ಅಪ್ಪನಿಂದ ಒತ್ತು ಕಿತ್ತರೆ ಅಪ್ಪ ಉಳಿಯುವನೆ?

ಅಜ್ಜಿ ತೆರೆಯನ್ನು ಬಹಳ ಹೊತ್ತು ನೋಡಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ವಾಡಿಕೆಯಿಲ್ಲ. ‘ಅವರ ಹೆಸರು ಹೀಗಲ್ಲಪ್ಪ’ ಎಂದಷ್ಟೇ ಹೇಳಿ ಎದ್ದುಹೋದರು.

ಇಲ್ಲಿ ಕೆಟ್ಟಿದ್ದುದಾದರೂ ಏನು? ನಿಜಕ್ಕೂ ಕೆಟ್ಟದ್ದು ಯಾವುದೂ ಇರಲಿಲ್ಲ. ಜಗತ್ತಿನ ಲಿಪಿಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೆ ಅಲ್ಲಿ ‘ಣ್ಯ’ ಎಂಬುದಕ್ಕೆ ಬೇರೆ ಸಂಖ್ಯೆಯಿಲ್ಲ. ಣ, ಅದರ ಮುಂದೆ ವಿರಾಮಚಿಹ್ನೆ, ಅದರ ಮುಂದೆ ಯ, ಹೀಗೆ ಮೂರು ಸಂಖ್ಯೆಗಳು ಸಾಲಾಗಿ ನಿಲ್ಲುತ್ತವೆ. ಇವನ್ನು ಕೂಡಿಸಿ ಒತ್ತಕ್ಷರ ಮಾಡುವ ವಿಧಿ ಫಾಂಟಿನೊಳಗೆ ಅಡಗಿರುತ್ತದೆ; ಆ ವಿಧಿಯನ್ನು ನಡೆಸುವ ಹೊಣೆ ತಂತ್ರಾಂಶದ್ದು. 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪಿನ ಹಳೆಯ ಆವೃತ್ತಿಗಳಿಗೆ ಇಂಗ್ಲಿಷಿನಂತೆ ಅಕ್ಷರಗಳನ್ನು ಒಂದರ ಪಕ್ಕದಲ್ಲೊಂದು ಇಡುವುದಷ್ಟೇ ಗೊತ್ತಿತ್ತು. ಮುಂದಿನ ಆವೃತ್ತಿಗಳು ಭಾರತದ ಲಿಪಿಗಳನ್ನು ಕೂಡಿಸಲು ಕಲಿತರೂ, ಅನೇಕ ಗಣಕಗಳಲ್ಲಿ ಆ ವಿದ್ಯೆ ಅಪ್ಪಣೆಗಾಗಿ ಕಾಯುತ್ತ ಕುಳಿತಿರುತ್ತದೆ.

ಆದುದರಿಂದ ಮೊದಲು ಮಾಡಬೇಕಾದುದು ಪರೀಕ್ಷೆ. ಅದೇ ಸಾಲನ್ನು ಅದೇ ಫಾಂಟಿನಲ್ಲಿ ನೋಟ್‌ಪ್ಯಾಡಿನಲ್ಲಿ ಬರೆದು ನೋಡಬೇಕು. ಅಲ್ಲಿ ಒತ್ತು ಸರಿಯಾಗಿ ಕೂತರೆ ಕೀಲಿಮಣೆಯೂ ಫಾಂಟೂ ನಿರ್ದೋಷಿಗಳು. ಬಳಿಕ, ಈ ಆಯ್ಕೆಯುಳ್ಳ ಫೋಟೋಶಾಪ್ ಆವೃತ್ತಿಗಳಾದರೆ, ‘ಎಡಿಟ್’ ಪಟ್ಟಿಯಲ್ಲಿ ‘ಪ್ರಿಫರೆನ್ಸಸ್’, ಅದರಲ್ಲಿ ‘ಟೈಪ್’ ಎಂಬುದನ್ನು ತೆರೆದು, ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಎಂಬುದನ್ನು ಆರಿಸಬೇಕು. ಕೆಲವು ಆವೃತ್ತಿಗಳಲ್ಲಿ ಇದರ ಹೆಸರು ‘ವರ್ಲ್ಡ್ ರೆಡಿ ಲೇಔಟ್’. ತಂತ್ರಾಂಶವನ್ನು ಮುಚ್ಚಿ ಪುನಃ ತೆರೆದು, ಹೊಸ ಹಾಳೆಯಲ್ಲಿ ಬರೆದು ನೋಡಬೇಕು. ಹಿಂದೆಯೇ ಬರೆದಿಟ್ಟ ಸಾಲು ಹಟ ಹಿಡಿದರೆ, ಅದನ್ನು ಆಯ್ದು ‘ಪ್ಯಾರಾಗ್ರಾಫ್’ ಫಲಕದ ಮೂಲೆಯ ಪಟ್ಟಿಯಲ್ಲಿಯೂ ಅದೇ ಅಪ್ಪಣೆ ಕೊಡಬೇಕು. ಹಣ ತೆರಲಾರದವರಿಗೆ ಉಚಿತವಾದ ‘ಗಿಂಪ್’ ಇದೆ. ಅದು ಕನ್ನಡದ ಒತ್ತುಗಳನ್ನು ತಾನಾಗಿಯೇ ಕೂಡಿಸುತ್ತದೆ.

ಕೆಲವರಿಗೆ ಹಳೆಯ ಮಾರ್ಗವೇ ಪ್ರಿಯ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಕನ್ನಡದ ಚೂರುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ತಂತ್ರಾಂಶವು ತಾನು ಇಂಗ್ಲಿಷ್ ಬರೆಯುತ್ತಿದ್ದೇನೆಂದೇ ತಿಳಿದು ಕನ್ನಡವನ್ನು ಮೂಡಿಸುತ್ತದೆ. ಎಷ್ಟೋ ವರ್ಷ ನಾಡಿನ ಮುದ್ರಣಾಲಯಗಳು ಈ ಜಾಣತನದಿಂದಲೇ ನಡೆದವು. ಆದರೆ ಹಂದನಕೆರೆಯಲ್ಲಿ ಬರೆದುದನ್ನು ತಿಪಟೂರಿನ ಮುದ್ರಣಾಲಯಕ್ಕೆ ಕಳುಹಿಸಿದಾಗ, ಅಲ್ಲಿ ಆ ಫಾಂಟು ಇಲ್ಲದಿದ್ದರೆ, ತಿದ್ದಲು ಹೊರಟೊಡನೆ ಅಜ್ಜನ ಹೆಸರು ಇಂಗ್ಲಿಷಿನ ಅರ್ಥಹೀನ ಅಕ್ಷರರಾಶಿಯಾಗಿಬಿಡುತ್ತದೆ. ಈ ಮಾರ್ಗ ಹಿಡಿಯುವವರು ಬರಹವನ್ನು ‘ರಾಸ್ಟರೈಸ್’ ಮಾಡಿ, ಅಂದರೆ ಚಿತ್ರವನ್ನಾಗಿಸಿ, ಕಳುಹಿಸುವುದು ಕ್ಷೇಮ. ಮುಂದೆ ತಿದ್ದಲು ಮೂಲಪ್ರತಿಯೊಂದು ತಮ್ಮಲ್ಲಿಯೇ ಇರಲಿ.

ಸಲಕರಣೆ ಮೊಂಡು ಹಿಡಿದಾಗ ನಮ್ಮ ಭಾಷೆಯನ್ನೇ ಮೊಟಕುಮಾಡಿ ಅದಕ್ಕೆ ಹೊಂದಿಸುವುದು ಸುಲಭ. ಆ ಸುಲಭದ ಬೆಲೆಯನ್ನು ತೆರುವವರು ಮಾತ್ರ ಬೇರೆಯವರು. ಅಂಗಡಿಯವನಿಗೆ ಅದು ಒಂದು ಒತ್ತು. ಅಜ್ಜಿಗೆ ಅದು ಐವತ್ತು ವರ್ಷಗಳ ಸಂಸಾರ.

ಮೂರನೆಯ ದಿನ ಬೆಳಗ್ಗೆ ಪಟ ಸಿದ್ಧವಾಗಿತ್ತು. ಅಜ್ಜಿ ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ದಾಟಿದರು. ಒತ್ತು ಬಂದಲ್ಲಿ ಬೆರಳು ಕೆಳಗಿಳಿದು, ಮತ್ತೆ ಮೇಲೇರಿತು. ತುಟಿ ಅಲುಗಿತು, ದನಿ ಹೊರಡಲಿಲ್ಲ. ‘ಈಗ ಅವರೇ ಕಣಪ್ಪ’ ಎಂದು ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡರು.