ಡಿ.ಎ.ಪಿ. ಚೀಲದಲ್ಲಿ ಗಂಧಕವಿಲ್ಲ



ಬಿತ್ತಿದ ಮೂರು ನಾಲ್ಕು ವಾರಕ್ಕೆ ಕಡಲೆಕಾಯಿ ಹೊಲ ಹಳದಿಗೆ ತಿರುಗಿದರೆ ನಮ್ಮಲ್ಲಿ ಬಹಳ ಮಂದಿ ಮೊದಲು ಮಾಡುವ ಕೆಲಸ ಯೂರಿಯಾ ಎರಚುವುದು. ಸ್ವಲ್ಪ ನಿಧಾನಿಸಿ, ಗಿಡದ ಬಳಿ ಕುಳಿತು ನೋಡಿ. ಬುಡದ ಹಳೆಯ ಎಲೆಗಳು ಮೊದಲು ಹಳದಿಯಾಗಿದ್ದರೆ ಅದು ಸಾರಜನಕದ ಕೊರತೆ. ಬುಡ ಹಸಿರಾಗಿಯೇ ಇದ್ದು, ಸುಳಿಯ ಎಳೆ ಎಲೆಗಳು ಪೂರಾ ತಿಳಿಹಳದಿಯಾಗಿದ್ದರೆ ಗಂಧಕದ ಕೊರತೆಯೆಂದು ಸಂಶಯಪಡಬೇಕು. (ಎಳೆ ಎಲೆಯ ನರಗಳು ಹಸಿರಾಗಿ ಉಳಿದು ನಡುವೆ ಮಾತ್ರ ಹಳದಿಯಾದರೆ ಅದು ಕಬ್ಬಿಣದ ಕೊರತೆ, ಬೇರೆಯ ಮಾತು.) ಗಂಧಕ ಬೇಕಾದ ಗಿಡಕ್ಕೆ ಯೂರಿಯಾ ಕೊಟ್ಟರೆ ಹಣ ಹೋಗುತ್ತದೆಯೇ ಹೊರತು ಹಳದಿ ಹೋಗುವುದಿಲ್ಲ.

ಗಂಧಕ ನಿಮಗೆ ಹೊಸದೇನಲ್ಲ. ಬೆಂಕಿಕಡ್ಡಿಯ ತಲೆಯಲ್ಲಿ, ಪಟಾಕಿ ಮದ್ದಿನಲ್ಲಿ, ಗಾಡಿಯ ಟಯರಿನ ರಬ್ಬರಿನಲ್ಲಿ ಅದು ಇದೆ. ದ್ರಾಕ್ಷಿಯ ಬೂದಿರೋಗಕ್ಕೆ ಎರಚುವ ಹಳದಿ ಪುಡಿಯೂ ಅದೇ. ನೀರಿನಲ್ಲಿ ಕರಗದು, ಸುಟ್ಟರೆ ನೀಲಿ ಜ್ವಾಲೆ, ಉಸಿರು ಕಟ್ಟಿಸುವ ಹೊಗೆ. ಜ್ವಾಲಾಮುಖಿಗಳ ಬಾಯಲ್ಲಿ ಅಪ್ಪಟವಾಗಿ ಸಿಗುತ್ತದೆ. ಈಗ ಹೆಚ್ಚಿನ ಪಾಲು ಬರುವುದು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲವನ್ನು ಶುದ್ಧಿ ಮಾಡುವಾಗ. ನಮ್ಮ ಮಂಗಳೂರಿನ ತೈಲ ಶುದ್ಧೀಕರಣಾಗಾರದಲ್ಲೂ ಹೀಗೆ ಗಂಧಕ ದೊರೆಯುತ್ತದೆ. ಈರುಳ್ಳಿಯ ಘಾಟು, ಸಾಸಿವೆಯ ಖಾರ ಗಂಧಕದಿಂದಲೇ. ಕಡಲೆಕಾಯಿಯಲ್ಲಿ ಎಣ್ಣೆ ಕೂಡಲು, ಬೇಳೆಕಾಳಿನಲ್ಲಿ ಸಸಾರಜನಕ ಕೂಡಲು ಇದು ಬೇಕೇ ಬೇಕು.

ಹಾಗಾದರೆ ಹಿಂದೆ ಇಲ್ಲದ ಕೊರತೆ ಈಗೇಕೆ? ನನ್ನ ಅಭಿಪ್ರಾಯದಲ್ಲಿ ಕಾರಣ ನಮ್ಮ ಗೊಬ್ಬರದ ಆಯ್ಕೆಯಲ್ಲೇ ಇದೆ. ಸೂಪರ್ ಫಾಸ್ಫೇಟನ್ನು ತಯಾರಿಸುವುದು ಶಿಲಾರಂಜಕಕ್ಕೆ ಗಂಧಕಾಮ್ಲ ಬೆರೆಸಿ. ಆದ್ದರಿಂದ ಅದರಲ್ಲಿ ಶೇ. 16 ರಂಜಕದ ಜೊತೆಗೆ ಶೇ. 11ರಷ್ಟು ಗಂಧಕ, ಸಾಲದ್ದಕ್ಕೆ ಸುಣ್ಣದ ಅಂಶವೂ ಇರುತ್ತದೆ. ರಂಜಕಕ್ಕೆಂದು ಸೂಪರ್ ಹಾಕುತ್ತಿದ್ದ ಕಾಲದಲ್ಲಿ ಗಂಧಕ ಕೇಳದೆಯೇ ಹೊಲ ಸೇರುತ್ತಿತ್ತು. ಕೊಟ್ಟಿಗೆ ಗೊಬ್ಬರವೂ ಕೈತುಂಬ ಇತ್ತು. ಈಗ ಅದೂ ಕಡಿಮೆ, ಸೂಪರ್ ಜಾಗದಲ್ಲಿ ಡಿ.ಎ.ಪಿ. ಬಂದು ಕೂತಿದೆ.

ಲೆಕ್ಕ ಹಾಕಿ. 50 ಕೆ.ಜಿ.ಯ ಒಂದು ಚೀಲ ಡಿ.ಎ.ಪಿ.ಯಲ್ಲಿ 23 ಕೆ.ಜಿ. ರಂಜಕ, 9 ಕೆ.ಜಿ. ಸಾರಜನಕ, ಗಂಧಕ ಇಲ್ಲವೆಂದೇ ಹೇಳಬೇಕು. ಮೂರು ಚೀಲ ಸೂಪರಿನಲ್ಲಿ 24 ಕೆ.ಜಿ. ರಂಜಕ, 16 ಕೆ.ಜಿ.ಗೂ ಮೇಲ್ಪಟ್ಟು ಗಂಧಕ. ಸಾರಜನಕಕ್ಕೆ 20 ಕೆ.ಜಿ. ಯೂರಿಯಾ ಸೇರಿಸಿದರಾಯಿತು. ಒಂದರ ಬದಲು ಮೂರು ಚೀಲ ಹೊರುವುದು ಕಷ್ಟ ನಿಜ, ಗಾಡಿ ಬಾಡಿಗೆಯೂ ಹೆಚ್ಚು. ಆದರೂ ಎಣ್ಣೆಕಾಳು, ಬೇಳೆಕಾಳು, ಈರುಳ್ಳಿ ಬೆಳೆಯುವವರು, ಅದರಲ್ಲೂ ಮರಳು ಮಿಶ್ರಿತ ಕೆಂಪು ಭೂಮಿಯವರು, ಈ ಭಾರ ಹೊರುವುದೇ ಲೇಸು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಗಂಧಕವೂ ಒಂದು. ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆತಿದ್ದರೆ ತೆಗೆದು ಆ ಸಾಲನ್ನು ಓದಿ.

ಈಗಾಗಲೇ ಡಿ.ಎ.ಪಿ. ಹಾಕಿ ಬಿತ್ತಿದವರು ಹಳದಿ ಪುಡಿಯನ್ನು ತಂದು ಸುರಿಯಬೇಡಿ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬೇರು ಹೀರುವ ರೂಪಕ್ಕೆ ತರಲು ವಾರಗಟ್ಟಲೆ ಬೇಕು. ಜಿಪ್ಸಂನಲ್ಲಾದರೆ ಗಂಧಕ ಆ ರೂಪದಲ್ಲೇ ಇದೆ. ಎಕರೆಗೆ 200 ಕೆ.ಜಿ. ಜಿಪ್ಸಂ ತಂದಿಟ್ಟುಕೊಳ್ಳಿ. ಕಡಲೆಕಾಯಿ ಹೂ ಬಿಟ್ಟು ಸೂಜಿ ಇಳಿಯುವ ಹೊತ್ತಿಗೆ, ಮಣ್ಣಿನಲ್ಲಿ ಹಸಿ ಇರುವಾಗ, ಗಿಡದ ಬುಡಕ್ಕೆ ಹಾಕಿ ಮಣ್ಣು ಏರಿಸಿ. ಅದರಲ್ಲಿನ ಸುಣ್ಣದ ಅಂಶವನ್ನು ಕಾಯಿಯೇ ನೇರವಾಗಿ ಹೀರಿಕೊಳ್ಳುವುದರಿಂದ ಜೊಳ್ಳೂ ಕಡಿಮೆಯಾಗುತ್ತದೆ.