ಟಾಸ್ ಹಾಕುವ ಮುಂಚೆ ಇಬ್ಬರು ಅಂಪೈರ್‌ಗಳು ಮಾತಾಡಲಿ

ಬೇಸಿಗೆಯ ಒಂದು ಭಾನುವಾರ ನಾವು ಮೂವರು ಮೈಸೂರಿನ ಕೆಸರೆಗೆ ಹೋಗಿದ್ದೆವು. ಒಂದು ಕಾಲಕ್ಕೆ ಬೇರೆಯೇ ಊರಾಗಿದ್ದ ಕೆಸರೆ ಈಗ ನಗರದೊಳಗೆ ಸೇರಿಹೋಗಿದೆ. ಅಲ್ಲಿನ ಖಾಲಿ ಜಾಗವೊಂದರಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ನಡೆದಿತ್ತು. ನಿಮ್ಮೂರಿನಲ್ಲಿ ಹಬ್ಬಕ್ಕೋ ಜಾತ್ರೆಗೋ ನಡೆಯುತ್ತದಲ್ಲ, ಅಂಥದ್ದೇ. ಫ್ಲೆಕ್ಸು, ಮೈಕು, ಮೇಜಿನ ಮೇಲೆ ಎರಡು ಕಪ್ಪು.

ಫೈನಲ್‌ನ ಕೊನೆ ಬಾಲ್. ಎರಡು ರನ್ ಬಂದರೆ ಗೆಲುವು, ಒಂದಾದರೆ ಸಮ. ಬ್ಯಾಟ್ಸ್‌ಮನ್ ಕವರ್ ಕಡೆಗೆ ತಳ್ಳಿ ಓಡಿದ. ಎರಡನೇ ರನ್ನಿಗೆ ತಿರುಗಿದಾಗ ಚೆಂಡು ಕೀಪರ್ ಕೈಗೆ ಬಂತು, ವಿಕೆಟ್ ಬಿತ್ತು. ಲೆಗ್ ಅಂಪೈರ್ "ನಾಟೌಟ್" ಅಂದ. ಅದೇ ಹೊತ್ತಿಗೆ ಆ ತುದಿಯಿಂದ ಮೇನ್ ಅಂಪೈರ್ ಬೆರಳು ಎತ್ತಿದ್ದ.

ಒಂದೇ ರನ್‌ಔಟಿಗೆ ಎರಡು ತೀರ್ಪು. ಆಮೇಲೆ ಏನಾಯಿತು ಅಂತ ನಾವು ಹೇಳಬೇಕಿಲ್ಲ. ಅರ್ಧ ಗಂಟೆ ಕೂಗಾಟ, ಕಾಲರ್ ಹಿಡಿದಾಟ. ಒಂದು ತಂಡ ಕಪ್ಪು ಮುಟ್ಟದೆ ಹೊರಟುಹೋಯಿತು. ಬೆಳಗ್ಗೆ ಒಂದೇ ಬೈಕಿನಲ್ಲಿ ಬಂದಿದ್ದ ಹುಡುಗರಿಬ್ಬರು ಸಂಜೆ ಬೇರೆ ಬೇರೆ ದಾರಿ ಹಿಡಿದರು.

ಎಲ್ಲರೂ ಕೇಳುತ್ತಿದ್ದದ್ದು ಒಂದೇ: ಔಟೋ, ನಾಟೌಟೋ? ನಮಗೆ ಅನಿಸಿದ್ದು ಬೇರೆ. ತಪ್ಪು ಆ ಬಾಲಿನಲ್ಲಿ ಆದದ್ದಲ್ಲ, ಬೆಳಗ್ಗೆಯೇ ಆಗಿತ್ತು. ಯಾರು ಏನು ನೋಡಬೇಕು, ಎಲ್ಲಿ ನಿಲ್ಲಬೇಕು ಅಂತ ಆ ಇಬ್ಬರು ಅಂಪೈರ್‌ಗಳು ಒಂದು ಮಾತೂ ಆಡಿಕೊಂಡಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ನಿಯಮ ಸ್ಪಷ್ಟವಾಗಿದೆ. ಕೀಪರ್ ತುದಿಯ ರನ್‌ಔಟು, ಸ್ಟಂಪಿಂಗು, ಹಿಟ್ ವಿಕೆಟ್ಟು ಲೆಗ್ ಅಂಪೈರ್‌ದು. ಮಿಕ್ಕ ಅಪೀಲುಗಳೆಲ್ಲ ಮೇನ್ ಅಂಪೈರ್‌ದು. ತನಗೆ ಕಾಣಲಿಲ್ಲ, ಜೊತೆಗಾರನಿಗೆ ಕಂಡಿರಬಹುದು ಅನಿಸಿದರೆ ಕೇಳಬೇಕು. ಕೇಳಿದ ಮೇಲೂ ಅನುಮಾನ ಉಳಿದರೆ ನಾಟೌಟ್. ಹಾಗಾಗಿ ಅವತ್ತು ಮೇನ್ ಅಂಪೈರ್ ಬೆರಳು ಎತ್ತಬಾರದಿತ್ತು.

ಹಾಗಂತ ಲೆಗ್ ಅಂಪೈರ್ ಸರಿ ಅನ್ನಲೂ ಆಗದು. ಬಿಸಿಲಿಗೆ ಬೇಸತ್ತು ಅವನು ಮರದ ನೆರಳಿಗೆ ಸರಿದಿದ್ದ. ಕ್ರೀಸಿನ ನೇರಕ್ಕೆ ಇರಲೇ ಇಲ್ಲ. ನೀವು ಬೇಲಿಗೆ ಕಂಬ ನೆಡುವಾಗ ಸಾಲು ಸರಿಯಿದೆಯಾ ಅಂತ ಹೇಗೆ ನೋಡುತ್ತೀರಿ? ಮೊದಲ ಕಂಬದ ನೇರಕ್ಕೆ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತೀರಿ. ರನ್‌ಔಟೂ ಹಾಗೇ. ಬ್ಯಾಟು ಗೆರೆಯ ಮೇಲಿದ್ದರೆ ಔಟು, ಗೆರೆ ದಾಟಿ ಒಳಗಿದ್ದರೆ ನಾಟೌಟು. ಗೇಣು ಅಂತರದ ವಿಷಯ. ನಾಲ್ಕು ಹೆಜ್ಜೆ ಪಕ್ಕಕ್ಕೆ ನಿಂತವನ ಕಣ್ಣು ಖಂಡಿತ ಮೋಸ ಹೋಗುತ್ತದೆ.

ಮೇನ್ ಅಂಪೈರ್‌ಗೂ ಇದೇ ಮಾತು. ಚೆಂಡು ಹೊಡೆದ ಮೇಲೆ ವಿಕೆಟ್ ಹಿಂದೆಯೇ ಕಂಬದಂತೆ ನಿಲ್ಲಬಾರದು. ಚೆಂಡು ಹೋದ ಬದಿಗೆ ಓಡಿ, ಎಸೆತಕ್ಕೆ ಅಡ್ಡ ಬಾರದಂತೆ, ಕ್ರೀಸಿನ ನೇರಕ್ಕೆ ನಿಲ್ಲಬೇಕು. ಆಗ ಚೆಂಡು, ವಿಕೆಟ್ಟು, ಗೆರೆ ಮೂರೂ ಎದುರಿಗೇ ಇರುತ್ತವೆ.

ಬೇಸ್‌ಬಾಲ್ ಆಡುವವರಿಂದ ನಾವು ಒಂದು ವಿಷಯ ಕಲಿಯಬಹುದು. ಅಮೆರಿಕದ ದೊಡ್ಡ ಲೀಗಿನಲ್ಲಿ ನಾಲ್ವರು ಅಂಪೈರ್‌ಗಳಿರುತ್ತಾರೆ. ಊರ ಮಟ್ಟದ ಆಟದಲ್ಲಿ ಅನೇಕ ಸಲ ಇಬ್ಬರೇ. ಮೈದಾನ ದೊಡ್ಡದು, ಓಡುವವರು ಮೂವರವರೆಗೂ ಇರಬಹುದು. ಅದಕ್ಕೇ ಅವರು ಬಾಯಿಬಿಟ್ಟು ಮಾತಾಡುತ್ತಾರೆ. ಎತ್ತರದ ಚೆಂಡಿನ ಕ್ಯಾಚ್ ನೋಡಲು ಒಬ್ಬ ಓಡುವಾಗ "ನಾನು ಹೋಗ್ತಿದ್ದೀನಿ" ಅಂತ ಕೂಗುತ್ತಾನೆ. ಓಡುವವರನ್ನೆಲ್ಲ ತಾನು ನೋಡಿಕೊಳ್ಳಬೇಕು ಅಂತ ಇನ್ನೊಬ್ಬನಿಗೆ ಗೊತ್ತಾಗುತ್ತದೆ. ಆಟ ಶುರುವಾಗುವ ಮುಂಚೆಯೇ ಇದನ್ನೆಲ್ಲ ಇಬ್ಬರೂ ನಿಂತು ಮಾತಾಡಿಕೊಂಡಿರುತ್ತಾರೆ.

"ಗಲ್ಲಿ ಕ್ರಿಕೆಟ್ಟಿಗೆ ಇಷ್ಟೆಲ್ಲ ಬೇಕಾ?" ಅಂತ ಕೇಳಬಹುದು. ನಮ್ಮ ಪ್ರಕಾರ ಗಲ್ಲಿ ಕ್ರಿಕೆಟ್ಟಿಗೇ ಹೆಚ್ಚು ಬೇಕು. ದೊಡ್ಡ ಆಟಕ್ಕೆ 1992ರಲ್ಲೇ ಟಿವಿ ಅಂಪೈರ್ ಬಂದ. ಡರ್ಬನ್ ಟೆಸ್ಟಿನಲ್ಲಿ ಟಿವಿ ನೋಡಿ ಕೊಟ್ಟ ಮೊದಲ ರನ್‌ಔಟು ನಮ್ಮ ಸಚಿನ್ ತೆಂಡೂಲ್ಕರ್‌ದೇ. ನಮ್ಮ ಮೈದಾನದಲ್ಲಿ ಕ್ಯಾಮೆರಾ ಎಲ್ಲಿದೆ? ಇರುವುದು ನಾಲ್ಕು ಕಣ್ಣು. ಆ ನಾಲ್ಕೂ ಒಂದೇ ಕಡೆ ನೋಡಿದರೆ ಎರಡು ಕಣ್ಣು ದಂಡ.

ಇನ್ನೊಂದು ಕಹಿ ಮಾತು. ಅವತ್ತಿನ ಲೆಗ್ ಅಂಪೈರ್ ಬ್ಯಾಟಿಂಗ್ ತಂಡದ ಹುಡುಗ. ಹಳ್ಳಿ ಟೂರ್ನಿಗಳಲ್ಲೂ ಇದೇ ರೂಢಿ. ಔಟಾಗಿ ಬಂದವನನ್ನೋ ಪಾಳಿಗೆ ಕಾಯುತ್ತಿರುವವನನ್ನೋ ಅಲ್ಲಿ ನಿಲ್ಲಿಸುತ್ತೇವೆ. ಅವನು ಎಷ್ಟೇ ಪ್ರಾಮಾಣಿಕನಾದರೂ ಎದುರು ತಂಡ ನಂಬುವುದಿಲ್ಲ. ಮೈಕ್ ಸೆಟ್ಟಿಗೆ, ಫ್ಲೆಕ್ಸಿಗೆ ದುಡ್ಡು ಸುರಿಯುವ ಸಂಘಟಕರು ಎರಡನೇ ಅಂಪೈರ್‌ಗೆ ಊಟ, ಬಸ್ ಚಾರ್ಜು, ಒಂದಿಷ್ಟು ಸಂಭಾವನೆ ಕೊಟ್ಟರೆ ಏನು ಕಳೆದುಕೊಳ್ಳುತ್ತಾರೆ? ತಲೆಗೊಂದು ಟೋಪಿಯನ್ನೂ ಕೊಡಿ, ಮರದ ನೆರಳು ಹುಡುಕುವುದು ತಪ್ಪುತ್ತದೆ.

ನಾವು ಕೇಳುವುದು ಟಾಸಿಗೆ ಮುಂಚಿನ ಐದು ನಿಮಿಷ ಮಾತ್ರ. ಇಬ್ಬರೂ ಕ್ರೀಸಿನ ಹತ್ತಿರ ನಿಂತು ಇಷ್ಟು ಮಾತಾಡಿಕೊಳ್ಳಲಿ:

ಯಾವ ತುದಿಯ ತೀರ್ಪು ಯಾರದು.

ಓವರಿನ ಬಾಲ್ ಲೆಕ್ಕ ಇಬ್ಬರೂ ಇಡುವುದು, ನಾಲ್ಕಾದ ಮೇಲೆ ಬೆರಳು ತೋರಿಸಿ ತಾಳೆ ನೋಡುವುದು.

ಕ್ಯಾಚ್ ನೆಲ ಮುಟ್ಟಿತಾ ಅನ್ನುವ ಅನುಮಾನ ಬಂದರೆ ಯಾವ ಸನ್ನೆ.

ಕೀಪರ್ ತುದಿಗೆ ಫೀಲ್ಡರ್ ಅಡ್ಡ ನಿಂತರೆ ಲೆಗ್ ಅಂಪೈರ್ ಆಫ್ ಸೈಡಿಗೆ ಹೋಗಬಹುದು. ಆದರೆ ಫೀಲ್ಡಿಂಗ್ ಕ್ಯಾಪ್ಟನ್‌ಗೆ, ಬ್ಯಾಟ್ಸ್‌ಮನ್‌ಗೆ, ಜೊತೆಗಾರನಿಗೆ ಹೇಳಿಯೇ ಹೋಗಬೇಕು.

ಕೊನೆಯದು ಮುಖ್ಯ. ಅನುಮಾನ ಬಂದರೆ ಇಬ್ಬರೂ ಹತ್ತಿರ ಬಂದು, ಆಟಗಾರರನ್ನು ದೂರ ಇಟ್ಟು ಮಾತಾಡಬೇಕು. ತೀರ್ಪು ಒಬ್ಬನೇ ಹೇಳಬೇಕು. ಆಮೇಲೆ ಇನ್ನೊಬ್ಬ "ನನಗೆ ಹಾಗೆ ಕಾಣಲಿಲ್ಲ" ಅಂತ ಟೀ ಅಂಗಡಿಯಲ್ಲೂ ಹೇಳಬಾರದು.

ಇಷ್ಟಾದರೆ ತಪ್ಪು ತೀರ್ಪು ಬರುವುದೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಬರುತ್ತದೆ. ಆದರೆ ಒಂದು ತಪ್ಪು ತೀರ್ಪನ್ನು ಹುಡುಗರು ಬೈದುಕೊಂಡಾದರೂ ನುಂಗುತ್ತಾರೆ. ಎರಡು ತೀರ್ಪು ಬಂದಾಗ ತಮಗೆ ಬೇಕಾದದ್ದನ್ನು ಹಿಡಿದು ಹೊಡೆದಾಡುತ್ತಾರೆ. ಈ ಭಾನುವಾರ ನಿಮ್ಮೂರಲ್ಲಿ ಮ್ಯಾಚ್ ಇದ್ದರೆ, ಅಂಪೈರ್ ನಿಲ್ಲುವ ಹುಡುಗರಿಗೆ ಇದನ್ನೊಂದು ಸಲ ಓದಿ ಹೇಳಿ.