ಒಂದೇ ಮನೆಯ ಎರಡು ಪುಸ್ತಕ

ಪರೀಕ್ಷೆ ಹತ್ತಿರ ಬಂದಾಗ ಮಗನ ಕೈಯಲ್ಲಿ ಕಾದಂಬರಿ ಕಂಡರೆ ಅಪ್ಪನಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಪುಸ್ತಕ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವಾಗಿದ್ದರೆ ಅಪ್ಪಂದಿರು ಸ್ವಲ್ಪ ತಡೆಯಬೇಕು, ಮಗ ಮಲಗಿದ ಮೇಲೆ ತಾವೂ ನಾಲ್ಕು ಪುಟ ತಿರುವಿ ನೋಡಬೇಕು.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ ಭೈರಪ್ಪನವರ ಹುಟ್ಟೂರು. ‘ಗೃಹಭಂಗ’ 1970ರಲ್ಲಿ ಬಂತು. ಆತ್ಮಕಥೆ ‘ಭಿತ್ತಿ’ 1996ರಲ್ಲಿ. 2025ರ ಸೆಪ್ಟೆಂಬರಿನಲ್ಲಿ ಲೇಖಕರು ತೀರಿಕೊಂಡ ಮೇಲೆ ಈ ಎರಡನ್ನೂ ಒಟ್ಟಿಗೆ ಓದುವುದು ಬೇರೆಯದೇ ಅನುಭವ.

ಕಾದಂಬರಿಯ ನಂಜಮ್ಮನನ್ನು ಮರೆಯುವುದು ಕಷ್ಟ. ಗಂಡ ಚೆನ್ನಿಗರಾಯ ಹೆಸರಿಗಷ್ಟೇ ಶಾನುಭೋಗ. ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕಿ ಬರೆಯುವವಳು ಅವಳು, ಮುತ್ತುಗದ ಎಲೆ ಹಚ್ಚಿ ನಾಲ್ಕು ಕಾಸು ಕಾಣುವವಳೂ ಅವಳೇ. ಅತ್ತೆ ಗಂಗಮ್ಮನ ಬಾಯಿಗೆ ಬೀಗವಿಲ್ಲ. ಇಷ್ಟರ ನಡುವೆ ಊರಿಗೆ ಪ್ಲೇಗು ಬರುತ್ತದೆ. ಇಲಿ ಬಿದ್ದ ಸುದ್ದಿ ಕೇಳಿದೊಡನೆ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕುತ್ತಾರೆ. ಬೆಳೆದ ಮಕ್ಕಳು ಹೋಗುತ್ತಾರೆ, ಕೊನೆಗೆ ತಾಯಿಯೂ. ಇಷ್ಟೆಲ್ಲವನ್ನೂ ಲೇಖಕರು ದನಿ ಏರಿಸದೆ ಹೇಳುತ್ತಾರೆ. ಓದುವವರ ಗಂಟಲು ಕಟ್ಟುವುದು ಅದಕ್ಕೇ ಇರಬೇಕು.

ಆಮೇಲೆ ‘ಭಿತ್ತಿ’ ತೆರೆದರೆ, ಕಥೆಯೆಂದು ಓದಿದ್ದರ ಬೇರು ಕಾಣುತ್ತದೆ. ಅಲ್ಲಿಯೂ ಪ್ಲೇಗಿಗೆ ಬಲಿಯಾದ ತಾಯಿ, ಅಣ್ಣ, ಅಕ್ಕ. ತೀರಿಕೊಂಡ ತಮ್ಮನ ಶವವನ್ನು ಹುಡುಗ ತಾನೇ ಹೆಗಲ ಮೇಲೆ ಹೊತ್ತು ಸುಡಲು ಒಯ್ಯುವ ಭಾಗವನ್ನು ಒಂದೇ ಉಸಿರಿಗೆ ಓದಲಾಗದು. ಹೋಟೆಲಿನ ಕೆಲಸ, ಊದುಬತ್ತಿ ಮಾರಾಟ, ಸಿನಿಮಾ ಟೆಂಟಿನ ಗೇಟು, ಮುಂಬಯಿಯಲ್ಲಿ ಕೂಲಿ, ಇವೆಲ್ಲ ಮಾಡಿದ ಹುಡುಗ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ.ಗೆ ಚಿನ್ನದ ಪದಕ ಪಡೆದ. ಮಕ್ಕಳಿಗೆ ಬುದ್ಧಿ ಹೇಳಲು ಈ ಮಾತನ್ನು ಬಳಸಲು ತಂದೆತಾಯಂದಿರಿಗೆ ಆಸೆಯಾದೀತು. ಬೇಡ, ಹುಡುಗರು ತಾವೇ ಓದಿಕೊಳ್ಳಲಿ. ‘ಭಿತ್ತಿ’ಯ ಎಲ್ಲ ಭಾಗವೂ ಒಂದೇ ಮಟ್ಟದ್ದಲ್ಲ. ನೌಕರಿಯ ಜಗಳಗಳು ಬರುವ ಕಡೆ ಓದು ಕುಂಟುತ್ತದೆ. ಬಾಲ್ಯದ ಪುಟಗಳಿಗೆ ಸಾಟಿಯಿಲ್ಲ.

ಯಾವುದನ್ನು ಮೊದಲು ಓದಬೇಕು? ಕಾದಂಬರಿಯನ್ನೇ. ಆತ್ಮಕಥೆಯಿಂದ ಶುರುಮಾಡಿದರೆ ನಂಜಮ್ಮ ಬರಿಯ ‘ಲೇಖಕರ ತಾಯಿ’ಯಾಗಿಬಿಡುತ್ತಾಳೆ; ಅವಳು ಅದಕ್ಕಿಂತ ದೊಡ್ಡವಳು.

ಮನಸ್ಸು ತೀರ ಭಾರವಾದರೆ ಇದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಇದ್ದಾರೆ. ಗೊರೂರಿನಿಂದ ಹೊಳೆನರಸೀಪುರದ ಕಡೆಗೆ ಹರಿಯುವ ಹೇಮಾವತಿಯ ದಂಡೆಯ ಜನ ಅವರ ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಪುಸ್ತಕಗಳಲ್ಲಿ ನಗುತ್ತಾ ನಗಿಸುತ್ತಾ ಬದುಕುತ್ತಾರೆ. ಅರಕಲಗೂಡಿನ ಹುಡುಗರಿಗೆ ಇನ್ನೊಂದು ಪುಸ್ತಕವಿದೆ: ‘ಬರಹಗಾರನ ಬದುಕು’. ಅದನ್ನು ಬರೆದ ಅ.ನ.ಕೃ. ಹುಟ್ಟಿದ್ದು ಕೋಲಾರದಲ್ಲಿ, ಆದರೆ ಅವರ ಹೆಸರಿನ ಮೊದಲ ‘ಅ’ ಅರಕಲಗೂಡೇ. ‘ಭಿತ್ತಿ’ ಮಾತ್ರ ದಪ್ಪ ಪುಸ್ತಕ. ಅದನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಬಹುದು.